ಬಾಲ್ಯಸ್ನೇಹದ ಎರಡು ಬಾಗಿಲುಗಳು

॥ ಶ್ರೀ ವೇಣುಗೋಪಾಲಾಯ ನಮಃ ॥

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1450 ಮೀಟರ್ ಎತ್ತರದಲ್ಲಿದೆ. ಬಂಡೀಪುರದ ಕಾಡು ಸುತ್ತ ಹಬ್ಬಿದೆ, ಮಂಜು ಸದಾ ಮುಸುಕಿರುತ್ತದೆ. 14ನೇ ಶತಮಾನದ ಆರಂಭದಲ್ಲಿ, ಹೊಯ್ಸಳ ಬಲ್ಲಾಳರ ಕಾಲದಲ್ಲಿ ಕಟ್ಟಿದ್ದೆಂದು ಹೇಳುವ ಈ ಗುಡಿಯ ಗರ್ಭಗೃಹದಲ್ಲಿ ಸ್ವಾಮಿ ಮರದ ಕೆಳಗೆ ಕೊಳಲು ಹಿಡಿದು ನಿಂತಿದ್ದಾನೆ. ಭಕ್ತರು ಸ್ವಾಮಿಯ ಮುಖ ನೋಡುತ್ತಾರೆ, ಕೊಳಲು ನೋಡುತ್ತಾರೆ, ತಣ್ಣನೆಯ ತೀರ್ಥ ತೆಗೆದುಕೊಂಡು ಹೊರಡುತ್ತಾರೆ. ಆ ಶಿಲ್ಪದಲ್ಲಿ ಇನ್ನೂ ಕೆಲವರಿದ್ದಾರೆ. ರುಕ್ಮಿಣಿ ಸತ್ಯಭಾಮೆಯರು ಇದ್ದಾರೆ, ಗೋವುಗಳಿವೆ, ಗೋಪಾಲಕರಿದ್ದಾರೆ, ಮಕರಂದನೆಂಬ ಗೆಳೆಯನೂ ಇದ್ದಾನೆ. ಪಟ್ಟದ ರಾಣಿಯರು ನಿಂತ ಜಾಗದಲ್ಲೇ ದನ ಕಾಯುವ ಗೆಳೆಯನಿಗೂ ಜಾಗ ಸಿಕ್ಕಿದೆ. ಭಗವಂತನಿಗೆ ಬಾಲ್ಯದ ಗೆಳೆಯ ಎಂದರೆ ಎಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಟ್ಟ ಹತ್ತುವ ಒಬ್ಬೊಬ್ಬ ಭಕ್ತನ ಮನಸ್ಸಿನಲ್ಲೂ ಒಂದೊಂದು ಹರಕೆ ಇರುತ್ತದೆ. ಮಕ್ಕಳಾಗಲಿ, ಮದುವೆಯಾಗಲಿ, ಸಾಲ ತೀರಲಿ, ಕಾಯಿಲೆ ವಾಸಿಯಾಗಲಿ ಅಂತ ಕೇಳಿಕೊಳ್ಳುತ್ತಾರೆ. ತಪ್ಪಿಲ್ಲ, ಕೇಳಬೇಕಾದ್ದು ಅವನನ್ನೇ. ಆದರೆ ಹರಕೆಯ ಪಟ್ಟಿಯಲ್ಲಿ ಸೇರದ ಒಂದು ನೋವು ಬಹಳ ಜನರ ಎದೆಯೊಳಗೆ ಕೂತಿರುತ್ತದೆ. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಬಾವಿಯಲ್ಲಿ ಈಜು ಕಲಿತವರು, ಒಂದೇ ಮಾವಿನಕಾಯಿಯನ್ನು ಕಚ್ಚಿ ಹಂಚಿಕೊಂಡವರು ಈಗ ಮಾತಾಡುತ್ತಿಲ್ಲ. ಬದುವಿನ ಜಗಳ, ಚೀಟಿ ಹಣ, ಸಾಲಕ್ಕೆ ಹಾಕಿದ ಜಾಮೀನು, ಪಂಚಾಯ್ತಿ ಚುನಾವಣೆ, ಮದುವೆಗೆ ಬಾರದ ಕರೆಯೋಲೆ, ಕಾರಣ ಏನೋ ಒಂದು. ಕೆಲವು ಸಲ ಕಾರಣವೂ ಇರುವುದಿಲ್ಲ. ಒಬ್ಬ ಮೇಲೆ ಹೋದ, ಇನ್ನೊಬ್ಬ ಇದ್ದಲ್ಲೇ ಉಳಿದ, ನಡುವೆ ಇಪ್ಪತ್ತು ವರ್ಷ ಬಿದ್ದವು. ಮೊಬೈಲಿನಲ್ಲಿ ನಂಬರು ಇರುತ್ತದೆ, ಬೆರಳು ಮಾತ್ರ ಒತ್ತುವುದಿಲ್ಲ.

ಈ ನೋವಿಗೆ ಶಾಸ್ತ್ರದಲ್ಲಿ ಔಷಧ ಉಂಟೇ? ಉಂಟು. ನಮ್ಮ ಹಿರಿಯರು ಇದಕ್ಕೆ ಎರಡು ಕಥೆ ಇಟ್ಟಿದ್ದಾರೆ. ಒಂದು ಮಹಾಭಾರತದ ಆದಿಪರ್ವದಲ್ಲಿದೆ, ಇನ್ನೊಂದು ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿದೆ. ಎರಡರಲ್ಲೂ ಇಬ್ಬರು ಬಾಲ್ಯದ ಗೆಳೆಯರು. ಎರಡರಲ್ಲೂ ಒಬ್ಬ ಬಡ ಬ್ರಾಹ್ಮಣ, ಇನ್ನೊಬ್ಬ ಅರಮನೆಯವನು. ಎರಡರಲ್ಲೂ ಬಡವನ ಮನೆಯಲ್ಲಿ ಹಸಿವು. ಎರಡರಲ್ಲೂ ಬಡವನೇ ನಡೆದುಕೊಂಡು ಹೋಗಿ ಗೆಳೆಯನ ಬಾಗಿಲಲ್ಲಿ ನಿಲ್ಲುತ್ತಾನೆ. ಅಲ್ಲಿಯ ತನಕ ಕಥೆ ಒಂದೇ. ಬಾಗಿಲು ತೆರೆದ ಮೇಲೆ ಒಂದು ಕಥೆ ಅವಲಕ್ಕಿಯಲ್ಲಿ ಮುಗಿಯುತ್ತದೆ, ಇನ್ನೊಂದು ಕುರುಕ್ಷೇತ್ರದ ರಕ್ತದಲ್ಲಿ ಮುಗಿಯುತ್ತದೆ.

ಮೊದಲನೇ ಬಾಗಿಲು

ಭರದ್ವಾಜ ಮಹರ್ಷಿಗಳ ಮಗ ದ್ರೋಣ. ಪಾಂಚಾಲದ ಅರಸು ಪೃಷತ ಭರದ್ವಾಜರಿಗೆ ಸ್ನೇಹಿತ. ಆ ಅರಸನ ಮಗ ದ್ರುಪದ ದಿನವೂ ಆಶ್ರಮಕ್ಕೆ ಬಂದು ದ್ರೋಣನ ಜೊತೆ ಆಡುತ್ತಿದ್ದ, ಜೊತೆಯಲ್ಲೇ ಓದುತ್ತಿದ್ದ. ಹುಡುಗು ಪ್ರೀತಿಯಲ್ಲಿ ದ್ರುಪದ ಒಂದು ಮಾತು ಕೊಟ್ಟ. ತಾನು ರಾಜನಾದ ದಿನ ತನ್ನ ರಾಜ್ಯ, ತನ್ನ ಭೋಗ, ತನ್ನ ಸುಖ ಎಲ್ಲದರಲ್ಲೂ ದ್ರೋಣನಿಗೆ ಪಾಲು ಅಂತ. ಹುಡುಗರು ಹೀಗೆ ಎಷ್ಟು ಮಾತು ಕೊಡುವುದಿಲ್ಲ! ಕೊಟ್ಟವನು ಮರೆಯುತ್ತಾನೆ, ಕೇಳಿದವನು ಮರೆಯುವುದಿಲ್ಲ.

ವರ್ಷಗಳು ಕಳೆದವು. ದ್ರುಪದ ಪಾಂಚಾಲದ ಸಿಂಹಾಸನ ಏರಿದ. ದ್ರೋಣ ಕೃಪಿಯನ್ನು ಮದುವೆಯಾದ, ಅಶ್ವತ್ಥಾಮ ಹುಟ್ಟಿದ. ಮನೆಯಲ್ಲಿ ಒಂದು ಹಸುವಿಲ್ಲ. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ನೋಡಿ ಮಗು ಅತ್ತಿತು. ಓರಗೆಯ ಹುಡುಗರು ನೀರಿನಲ್ಲಿ ಹಿಟ್ಟು ಕದಡಿ ಕೊಟ್ಟರು. ಮಗು ಕುಡಿದು, ತಾನೂ ಹಾಲು ಕುಡಿದೆ ಅಂತ ಕುಣಿದಾಡಿತು. ಸುತ್ತ ನಿಂತ ಹುಡುಗರು ನಕ್ಕರು. ತಂದೆಯಾದವನು ಇದನ್ನು ನೋಡಿ ಹೇಗೆ ಸಹಿಸಿಯಾನು? ದ್ರೋಣನಿಗೆ ಹಳೆಯ ಗೆಳೆಯ ನೆನಪಾದದ್ದು ಆಗ.

ಇಲ್ಲಿ ದ್ರೋಣನನ್ನು ಹಳಿಯಲಾಗದು. ಮಗನ ಹಾಲಿಗಾಗಿ ಹೋದವನು ಅವನು. ಪಾಂಚಾಲದ ಸಭೆಗೆ ಹೋಗಿ ತಾನು ನಿನ್ನ ಸಖ ಅಂತ ಹೇಳಿಕೊಂಡ. ಸಿಂಹಾಸನದ ಮೇಲಿದ್ದವನು ಕೂತಲ್ಲಿಂದ ಏಳಲಿಲ್ಲ. ಹುಬ್ಬು ಗಂಟಿಕ್ಕಿದ. ರಾಜನಿಗೂ ಹೊಟ್ಟೆಗಿಲ್ಲದವನಿಗೂ ಎಲ್ಲಿಯ ಸ್ನೇಹ? ಸ್ನೇಹ ಸಮಾನರ ನಡುವೆ ಇರತಕ್ಕದ್ದು, ಹಿಂದೆ ಏನೋ ಇತ್ತು, ಕಾಲ ಎಲ್ಲವನ್ನೂ ಸವೆಸುತ್ತದೆ, ಸ್ನೇಹವನ್ನೂ ಸವೆಸಿತು. ಹೀಗೆಂದು ತುಂಬಿದ ಸಭೆಯಲ್ಲಿ ಹೇಳಿ ಕಳಿಸಿದ.

ದ್ರುಪದ ಒಂದು ಹಸುವನ್ನು ಕೊಟ್ಟಿದ್ದರೆ ಸಾಕಿತ್ತು. ಅದೂ ಬೇಡ, ಎದ್ದು ನಿಂತು ಕೈಹಿಡಿದಿದ್ದರೂ ಸಾಕಿತ್ತು. ಅರ್ಧ ರಾಜ್ಯ ಉಳಿಯುತ್ತಿತ್ತು, ಪ್ರಾಣವೂ ಉಳಿಯುತ್ತಿತ್ತು. ಒಂದು ಹಸುವಿನ ಬೆಲೆಯ ಮಾತು ಎರಡು ವಂಶಗಳನ್ನು ತಿಂದಿತು.

ಕಟ್ಟಿ ತಂದ ಗೆಳೆಯ

ದ್ರೋಣ ಹಸ್ತಿನಾವತಿಗೆ ಬಂದ. ಭೀಷ್ಮರು ಅವನನ್ನು ಕುರುವಂಶದ ಮಕ್ಕಳಿಗೆ ಗುರುವಾಗಿ ನಿಲ್ಲಿಸಿದರು. ಹಾಲಿಗೆ ಕೊರತೆಯಿಲ್ಲ, ಮಾನಕ್ಕೆ ಕೊರತೆಯಿಲ್ಲ. ಆ ದಿನ ಮರೆತುಬಿಡಬಹುದಿತ್ತು. ಮರೆಯಲಿಲ್ಲ. ವಿದ್ಯೆ ಮುಗಿದ ಮೇಲೆ ಶಿಷ್ಯರ ಹತ್ತಿರ ಕೇಳಿದ ಗುರುದಕ್ಷಿಣೆ ಒಂದೇ, ದ್ರುಪದನನ್ನು ಸೆರೆಹಿಡಿದು ತನ್ನಿ. ಕೌರವರು ಹೋಗಿ ಸೋತು ಬಂದರು. ಅರ್ಜುನ ಹೋಗಿ ಗೆದ್ದು ತಂದ.

ನೋಡಿ, ಈಗ ಎಷ್ಟು ವರ್ಷದ ಮೇಲೆ ಇಬ್ಬರು ಗೆಳೆಯರು ಮುಖಾಮುಖಿಯಾದರು. ಆದರೆ ಈ ಸಲ ನಿಂತವನು ದ್ರುಪದ, ಕೂತವನು ದ್ರೋಣ. ದ್ರೋಣ ಕೊಲ್ಲಲಿಲ್ಲ. ಹೆದರಬೇಡ, ಬ್ರಾಹ್ಮಣರು ಕ್ಷಮಿಸುವವರು, ಚಿಕ್ಕಂದಿನಲ್ಲಿ ಜೊತೆಯಾಗಿ ಆಡಿದವರು ನಾವು, ನನಗೆ ಮತ್ತೆ ನಿನ್ನ ಸ್ನೇಹ ಬೇಕು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ಪುರಾಣದ ದೊಡ್ಡ ಕ್ಷಮೆಯ ಕಥೆಯಾಗುತ್ತಿತ್ತು. ದ್ರೋಣ ಮುಂದಿನ ಮಾತೂ ಆಡಿದ. ರಾಜನಲ್ಲದವನು ರಾಜನಿಗೆ ಸ್ನೇಹಿತನಾಗಲಾರ ಅಂತ ನೀನೇ ಹೇಳಿದ್ದೆ, ಆದ್ದರಿಂದ ಅರ್ಧ ರಾಜ್ಯ ನನಗಿರಲಿ, ಅರ್ಧ ನಿನಗೆ ಕೊಡುತ್ತೇನೆ, ಈಗ ಸಮಾನರಾದೆವಲ್ಲ ಎಂದ. ಅಹಿಚ್ಛತ್ರದ ಕಡೆಯ ಉತ್ತರ ಪಾಂಚಾಲ ದ್ರೋಣನ ಪಾಲಾಯಿತು. ಕಾಂಪಿಲ್ಯದಿಂದ ಚರ್ಮಣ್ವತೀ ನದಿಯವರೆಗಿನ ದಕ್ಷಿಣ ಪಾಂಚಾಲ ದ್ರುಪದನಿಗೆ ಉಳಿಯಿತು. ಅಹಿಚ್ಛತ್ರದ ಹಾಳು ಕೋಟೆ ಇಂದಿಗೂ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿದೆ. ಕಾಂಪಿಲ್ಯವೆಂದರೆ ಫರೂಕಾಬಾದ್ ಜಿಲ್ಲೆಯ ಕಂಪಿಲ್. ಚರ್ಮಣ್ವತಿಯೆಂದರೆ ಇಂದಿನ ಚಂಬಲ್ ನದಿ. ಒಡೆದ ಸ್ನೇಹದ ಗಡಿಕಲ್ಲು ಎಲ್ಲಿ ನೆಟ್ಟರು ಎಂಬುದನ್ನು ಇಂದಿಗೂ ತೋರಿಸಬಹುದು.

ಬಾಯಲ್ಲಿ ಸ್ನೇಹ, ಕೈಯಲ್ಲಿ ಲೆಕ್ಕ. ಹೀಗೆ ಅಳೆದು ಹಂಚಿದ ಮೇಲೆ ಆಗುವುದು ಪಾಲುಪತ್ರ, ಗೆಳೆತನವಲ್ಲ. ದ್ರುಪದ ಆಗಲಿ ಎಂದ, ನಿನ್ನ ಸ್ನೇಹ ನನಗೂ ಬೇಕು ಎಂದ. ಕಟ್ಟಿಹಾಕಿದವನು ಬೇರೆ ಏನು ಹೇಳಿಯಾನು? ಒಳಗೆ ಬೆಂಕಿ ಉಳಿಯಿತು. ಆ ಬೆಂಕಿ ಮುಂದೆ ಯಜ್ಞಕುಂಡದ ಬೆಂಕಿಯೇ ಆಯಿತು. ಯಾಜ, ಉಪಯಾಜರೆಂಬ ಋಷಿಗಳನ್ನು ಹುಡುಕಿ, ದ್ರೋಣನನ್ನು ಕೊಲ್ಲುವ ಮಗ ಬೇಕು ಅಂತ ಯಜ್ಞ ಮಾಡಿಸಿದ. ಧೃಷ್ಟದ್ಯುಮ್ನ ಹುಟ್ಟಿದ. ಮಗ ಹುಟ್ಟುವ ಮೊದಲೇ ಅವನ ಕೆಲಸ ಗೊತ್ತಾಗಿತ್ತು, ಅಪ್ಪನ ಹಗೆ ತೀರಿಸುವುದು.

ಇನ್ನೊಂದು ವಿಚಿತ್ರ ಕೇಳಿ. ಇವನೇ ತನ್ನನ್ನು ಕೊಲ್ಲುವವನು ಅಂತ ಗೊತ್ತಿದ್ದೂ ದ್ರೋಣ ಧೃಷ್ಟದ್ಯುಮ್ನನಿಗೆ ಬಿಲ್ಲುವಿದ್ಯೆ ಕಲಿಸಿದ. ವಿಧಿಯನ್ನು ತಪ್ಪಿಸಲಾಗದು ಎಂದುಕೊಂಡ. ಗೆಳೆಯನ ಮಗನಿಗೆ ವಿದ್ಯೆ ಕೊಡುವಷ್ಟು ದೊಡ್ಡ ಮನಸ್ಸು ಅವನಲ್ಲಿತ್ತು. ಗೆಳೆಯನಿಗೆ ಅರ್ಧ ರಾಜ್ಯ ಹಿಂದಕ್ಕೆ ಕೊಡುವಷ್ಟು ಮಾತ್ರ ಇರಲಿಲ್ಲ.

ಕುರುಕ್ಷೇತ್ರ ಯುದ್ಧದ 15ನೇ ದಿನ ದ್ರುಪದನನ್ನು ದ್ರೋಣನೇ ಕೊಂದ. ಅದೇ ದಿನ ದ್ರೋಣ ಮಗ ಸತ್ತನೆಂಬ ಸುದ್ದಿ ಕೇಳಿ ಶಸ್ತ್ರ ಬಿಟ್ಟು ಕೂತಾಗ ಧೃಷ್ಟದ್ಯುಮ್ನ ಅವನ ತಲೆ ಕಡಿದ. ಒಂದೇ ಆಶ್ರಮದಲ್ಲಿ ಆಡಿದ ಇಬ್ಬರು ಒಂದೇ ದಿನ ಸತ್ತರು. ಅಲ್ಲಿಗೂ ಮುಗಿಯಲಿಲ್ಲ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಪಾಂಡವರ ಬಿಡಾರಕ್ಕೆ ನುಗ್ಗಿ ಮಲಗಿದ್ದ ಧೃಷ್ಟದ್ಯುಮ್ನನನ್ನು ಕೊಂದ, ದ್ರೌಪದಿಯ ಐದು ಮಕ್ಕಳನ್ನೂ ಕೊಂದ. ಹಿಟ್ಟಿನ ನೀರು ಕುಡಿದು ಕುಣಿದ ಮಗು ಅವನೇ. ಯಾವ ಮಗನ ಹಾಲಿಗಾಗಿ ದ್ರೋಣ ಹೊರಟನೋ ಆ ಮಗ ನಿದ್ದೆಯಲ್ಲಿದ್ದವರನ್ನು ಕೊಂದ ಪಾಪ ಹೊತ್ತು, ತಲೆಯ ಮಣಿ ಕಳೆದುಕೊಂಡು, ಶಾಪ ಹೊತ್ತು ಕಾಡು ಸೇರಿದ. ದೊಡ್ಡವರು ಮುಗಿಸದ ಜಗಳವನ್ನು ಮಕ್ಕಳು ಮುಂದುವರಿಸುತ್ತಾರೆ, ಅದೂ ದೊಡ್ಡವರಿಗಿಂತ ಕ್ರೂರವಾಗಿ.

ಎರಡನೇ ಬಾಗಿಲು

ಇನ್ನು ದ್ವಾರಕೆಗೆ ಹೋಗೋಣ. ಅವಂತಿಯ, ಅಂದರೆ ಇಂದಿನ ಉಜ್ಜಯಿನಿಯ ಸಾಂದೀಪನಿ ಮುನಿಗಳ ಗುರುಕುಲದಲ್ಲಿ ಶ್ರೀಕೃಷ್ಣನ ಜೊತೆ ಓದಿದ ಬ್ರಾಹ್ಮಣನೊಬ್ಬನಿದ್ದ. ಭಾಗವತ ಅವನ ಹೆಸರು ಹೇಳುವುದಿಲ್ಲ, ಹರಕು ಬಟ್ಟೆಯವನು ಎನ್ನುತ್ತದೆ. ಅದರಿಂದಲೇ ಜನ ಅವನನ್ನು ಕುಚೇಲ ಎಂದರು, ಸುದಾಮ ಎಂಬ ಹೆಸರೂ ಬಂತು. ಗುಜರಾತಿನ ಪೋರಬಂದರಕ್ಕೆ ಸುದಾಮಪುರಿ ಎಂದೇ ಹಳೆಯ ಹೆಸರು, ಅಲ್ಲಿ ಅವನ ಗುಡಿಯೂ ಇದೆ. ಅಲ್ಲಿಂದ ದ್ವಾರಕೆಗೆ ಸುಮಾರು 100 ಕಿಲೋಮೀಟರ್. ದೂರವೇನೂ ಇರಲಿಲ್ಲ. ಆದರೂ ಎಷ್ಟೋ ವರ್ಷ ಅವನು ಹೋಗಲಿಲ್ಲ.

ಅವರಿಬ್ಬರ ನಡುವೆ ಜಗಳವಿರಲಿಲ್ಲ. ಬಡತನದ ಸಂಕೋಚವಿತ್ತು. ಇವತ್ತು ನೂರಕ್ಕೆ ಅರ್ಧ ಸ್ನೇಹಗಳು ಹೀಗೇ ಕಡಿದುಹೋಗುತ್ತವೆ ಎಂದರೆ ತಪ್ಪಾಗದು. ಈ ಬಟ್ಟೆಯಲ್ಲಿ ಹೇಗೆ ಹೋಗಲಿ, ಏನು ಬೇಕು ಅಂತ ಬಂದಿದ್ದಾನೆ ಅಂದುಕೊಂಡರೆ, ಕಾವಲಿನವನು ತಡೆದರೆ ಅಂತ ಯೋಚಿಸುತ್ತಾ ಯೋಚಿಸುತ್ತಾ ಕೂದಲು ಬೆಳ್ಳಗಾಗುತ್ತದೆ.

ಹೆಂಡತಿ ಹಸಿವು ತಾಳಲಾರದೆ ಮತ್ತೆ ಮತ್ತೆ ಹೇಳಿದಳು. ಕೊನೆಗೆ ಅವನು ಒಪ್ಪಿದ. ಧನಕ್ಕಲ್ಲ, ಗೆಳೆಯನ ದರ್ಶನವಾಗುತ್ತದಲ್ಲ ಅಂತ ಒಪ್ಪಿದ. ಆಮೇಲೆ ಅವನು ಹೆಂಡತಿಯನ್ನು ಕೇಳಿದ್ದು ಒಂದೇ ಮಾತು, ಗೆಳೆಯನಿಗೆ ಕೊಡಲು ಮನೆಯಲ್ಲಿ ಏನಾದರೂ ಉಂಟೇ? ಏನೂ ಇರಲಿಲ್ಲ. ಆಕೆ ನೆರೆಮನೆಗಳಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿ ತಂದು ಹಳೆಯ ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಟ್ಟಳು. ದ್ರೋಣ ಹೊರಟಾಗ ಅವನ ಕೈಯಲ್ಲಿದ್ದದ್ದು ಹಳೆಯ ವಾಗ್ದಾನ, ಅದು ಬಾಕಿ ವಸೂಲಿಯ ಚೀಟಿ. ಕುಚೇಲ ಹೊರಟಾಗ ಅವನ ಕೈಯಲ್ಲಿದ್ದದ್ದು ಅವಲಕ್ಕಿ, ಅದು ಕೊಡುವ ಗಂಟು. ಇಬ್ಬರೂ ಬಡವರೇ, ಇಬ್ಬರ ಹಸಿವೂ ನಿಜವೇ.

ದ್ವಾರಕೆಯಲ್ಲಿ ಅವನನ್ನು ಯಾರೂ ತಡೆಯಲಿಲ್ಲ. ಮೂರು ಕಾವಲು, ಮೂರು ಬಾಗಿಲು ದಾಟಿ ಒಳಗೆ ಬಂದ. ಮಂಚದ ಮೇಲೆ ಕೂತಿದ್ದ ಕೃಷ್ಣ ದೂರದಿಂದಲೇ ನೋಡಿದ, ಥಟ್ಟನೆ ಎದ್ದ, ಓಡಿ ಬಂದು ಎರಡೂ ತೋಳಿನಿಂದ ಅಪ್ಪಿಕೊಂಡ. ಕಣ್ಣಲ್ಲಿ ನೀರು ಬಂತು. ತನ್ನ ಮಂಚದ ಮೇಲೇ ಕೂರಿಸಿದ, ಪಾದ ತೊಳೆದ, ಆ ನೀರನ್ನು ತಲೆಗೆ ಹಾಕಿಕೊಂಡ. ಮೂಳೆ ಕಾಣುವ ಮೈ, ಕೊಳೆ ಬಟ್ಟೆ, ಅಂಥವನಿಗೆ ರುಕ್ಮಿಣಿ ದೇವಿ ಚಾಮರ ಬೀಸಿದಳು. ಅಂತಃಪುರದವರು ಬೆರಗಾದರು, ಯಾವ ಪುಣ್ಯ ಮಾಡಿದ್ದನಪ್ಪಾ ಇವನು ಅಂದರು.

ಸ್ನೇಹಕ್ಕೆ ಸಮಾನತೆ ಬೇಕು ಎಂದ ದ್ರುಪದನ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಸಮಾನರಾಗಲು ಎರಡು ದಾರಿ ಇವೆ. ಮೇಲಿರುವವನನ್ನು ಕೆಳಗೆಳೆದು ಸಮಾನ ಮಾಡಿಕೊಳ್ಳುವುದು ಒಂದು, ಅದು ದ್ರೋಣ ಹಿಡಿದ ದಾರಿ. ಮೇಲಿರುವವನೇ ಮಂಚದಿಂದ ಇಳಿದು ಬರುವುದು ಇನ್ನೊಂದು, ಅದು ಕೃಷ್ಣನ ದಾರಿ. ಮೊದಲನೆಯದಕ್ಕೆ ಸೈನ್ಯ ಬೇಕಾಯಿತು. ಎರಡನೆಯದಕ್ಕೆ ನಾಲ್ಕು ಹೆಜ್ಜೆ ಸಾಕಾಯಿತು.

ಕಟ್ಟಿಗೆಯ ಮಾತು

ಕೂತ ಮೇಲೆ ಏನು ಮಾತಾಡಿದರು ಎಂಬುದನ್ನು ಗಮನವಿಟ್ಟು ನೋಡಬೇಕು. ಕೃಷ್ಣ ತನ್ನ ಅರಮನೆಯ ಮಾತು ಎತ್ತಲಿಲ್ಲ, ಗೆದ್ದ ಯುದ್ಧಗಳ ಮಾತು ಎತ್ತಲಿಲ್ಲ. ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ಆಕ್ಷೇಪಿಸಲೂ ಇಲ್ಲ. ಕೈಹಿಡಿದುಕೊಂಡು, ಆ ರಾತ್ರಿ ನೆನಪಿದೆಯೇ ಎಂದು ಕೇಳಿದ. ಗುರುಪತ್ನಿ ಕಟ್ಟಿಗೆ ತರಲು ಕಳಿಸಿದ್ದರು. ದೊಡ್ಡ ಕಾಡು. ಅಕಾಲದಲ್ಲಿ ಗಾಳಿ ಎದ್ದಿತು, ಗುಡುಗು ಸಿಡಿಲು, ಜಡಿಮಳೆ. ಹೊತ್ತು ಮುಳುಗಿ ಕಗ್ಗತ್ತಲಾಯಿತು. ಹಳ್ಳ ಯಾವುದು ದಿಬ್ಬ ಯಾವುದು ಗೊತ್ತಾಗದಂತೆ ನೀರು ನಿಂತಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕಟ್ಟಿಗೆ ಹೊತ್ತುಕೊಂಡು ರಾತ್ರಿಯೆಲ್ಲ ಅಲೆದರು. ಬೆಳಗಾದ ಮೇಲೆ ಸಾಂದೀಪನಿಗಳು ಹುಡುಕಿಕೊಂಡು ಬಂದು, ನಮಗಾಗಿ ಇಷ್ಟು ಕಷ್ಟಪಟ್ಟಿರಾ ಮಕ್ಕಳೇ ಅಂತ ಹರಸಿದರು.

ಜಗದೊಡೆಯನಿಗೆ ಗೆಳೆಯನ ಜೊತೆ ಹೇಳಿಕೊಳ್ಳಲು ಸಿಕ್ಕಿದ್ದು ಹಸಿವು, ಚಳಿ, ಕತ್ತಲೆಯ ಕಥೆ. ಹಳೆಯ ಗೆಳೆಯರು ಬಹಳ ಕಾಲದ ಮೇಲೆ ಸೇರಿದಾಗ ಎಲ್ಲಿಂದ ಮಾತು ಶುರು ಮಾಡಬೇಕು ಅಂತ ತೋಚುವುದಿಲ್ಲ. ಸಂಬಳ, ಮನೆ, ಕಾರು, ಮಕ್ಕಳ ಮಾರ್ಕ್ಸು ಎಂದು ಶುರು ಮಾಡಿದರೆ ತಕ್ಕಡಿ ಎತ್ತಿದಂತೆ, ಒಂದು ತಟ್ಟೆ ಮೇಲೆ, ಒಂದು ಕೆಳಗೆ. ಆ ದಿನ ಯಾರು ಹೆಚ್ಚು ಯಾರು ಕಡಿಮೆ ಅಂತ ಶುರು ಮಾಡಿದರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಇಬ್ಬರೂ ಒಂದೇ ಹೊರೆ ಹೊತ್ತ ದಿನದಿಂದ ಶುರು ಮಾಡಬೇಕು. ಒಟ್ಟಿಗೆ ಮಳೆಯಲ್ಲಿ ನೆನೆದದ್ದು, ಮೇಷ್ಟರ ಕೈಯಲ್ಲಿ ಒಟ್ಟಿಗೆ ಪೆಟ್ಟು ತಿಂದದ್ದು, ಒಂದೇ ಡಬ್ಬಿಯ ರೊಟ್ಟಿ ತಿಂದದ್ದು. ಆ ನೆನಪಿನಲ್ಲಿ ಬಡವನೂ ಇಲ್ಲ, ಬಲ್ಲಿದನೂ ಇಲ್ಲ.

ಆಮೇಲೆ ಕೃಷ್ಣ ನಗುತ್ತಾ, ನನಗೇನು ತಂದೆ ಎಂದ. ಕುಚೇಲ ನಾಚಿ ತಲೆ ತಗ್ಗಿಸಿದ, ಗಂಟನ್ನು ಮುಚ್ಚಿಟ್ಟುಕೊಂಡ. ಭಗವಂತ ತಾನೇ ಕಿತ್ತುಕೊಂಡು ಬಿಚ್ಚಿದ, ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಎರಡನೆಯದಕ್ಕೆ ಕೈಹಾಕುವಾಗ ಲಕ್ಷ್ಮೀಸ್ವರೂಪಳಾದ ರುಕ್ಮಿಣಿ ಕೈ ಹಿಡಿದಳು, ಒಂದು ಹಿಡಿಗೇ ಇಹಪರದ ಸಂಪತ್ತೆಲ್ಲ ಸಂದಿತು ಅಂತ. ಇಂದಿಗೂ ಕೇರಳದ ಗುರುವಾಯೂರಿನಲ್ಲಿ ಧನುರ್ಮಾಸದ ಮೊದಲ ಬುಧವಾರ ಕುಚೇಲ ದಿನವೆಂದು ಭಕ್ತರು ಸ್ವಾಮಿಗೆ ಅವಲಕ್ಕಿ ಒಪ್ಪಿಸುತ್ತಾರೆ.

ಮರುದಿನ ಬೆಳಿಗ್ಗೆ ಕುಚೇಲ ಹೊರಟ. ಅವನು ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಕೃಷ್ಣ ಕೈಯೆತ್ತಿ ಏನೂ ಕೊಡಲಿಲ್ಲ. ಬರಿಗೈ. ಇನ್ನೊಬ್ಬನಾಗಿದ್ದರೆ ದಾರಿಯುದ್ದಕ್ಕೂ ಬೈದುಕೊಳ್ಳುತ್ತಿದ್ದ, ಇಷ್ಟು ಇಟ್ಟುಕೊಂಡು ಒಂದು ಕಾಸು ಬಿಚ್ಚಲಿಲ್ಲವಲ್ಲ ಅಂತ. ಕುಚೇಲ ಅಂದುಕೊಂಡದ್ದೇ ಬೇರೆ. ಈ ಬಡವನಿಗೆ ಹಣ ಬಂದರೆ ಮದ ಬಂದೀತು, ತನ್ನನ್ನು ಮರೆತಾನು ಎಂಬ ಕರುಣೆಯಿಂದಲೇ ಸ್ವಾಮಿ ಕೊಡಲಿಲ್ಲ ಎಂದುಕೊಂಡ. ಊರಿಗೆ ಬಂದರೆ ಗುಡಿಸಲಿದ್ದಲ್ಲಿ ಅರಮನೆ! ಆದರೆ ಅವನ ಸ್ನೇಹದ ಪರೀಕ್ಷೆ ಮುಗಿದದ್ದು ಅರಮನೆ ಕಾಣುವ ಮೊದಲು, ಬರಿಗೈಯಲ್ಲಿ ನಡೆದ ಆ ದಾರಿಯಲ್ಲಿ. ಗೆಳೆಯನ ನಡತೆಗೆ ಎರಡು ಅರ್ಥ ಸಾಧ್ಯವಿದ್ದಾಗ ಒಳ್ಳೆಯ ಅರ್ಥವನ್ನೇ ಆರಿಸಿಕೊಂಡ.

ಗ್ರಹಣದ ದಿನ ಕೂಡಿದವರು

ಕುಚೇಲನ ಕಥೆಯಾದ ಕೂಡಲೇ ಭಾಗವತ ಇನ್ನೊಂದು ಮಿಲನವನ್ನು ಹೇಳುತ್ತದೆ. ಸೂರ್ಯಗ್ರಹಣ ಬಂತು. ಯಾದವರೆಲ್ಲ ತೀರ್ಥಸ್ನಾನಕ್ಕೆ ಕುರುಕ್ಷೇತ್ರದ ಸ್ಯಮಂತಪಂಚಕಕ್ಕೆ ಹೊರಟರು. ಅದನ್ನು ಕೇಳಿ ಗೋಕುಲದಿಂದ ನಂದಗೋಪ, ಯಶೋದೆ, ಗೋಪಗೋಪಿಯರೂ ಗಾಡಿ ಕಟ್ಟಿಕೊಂಡು ಬಂದರು. ಮಥುರೆಗೆ ಹೋದ ಹುಡುಗ ಹಿಂದಿರುಗಿ ಗೋಕುಲದಲ್ಲಿ ನೆಲೆಸಿರಲಿಲ್ಲ. ಈಗ ಅವನಿಗೆ ಮಕ್ಕಳು ಮರಿಗಳಾಗಿದ್ದವು. ಯಶೋದೆಯನ್ನು ಅಪ್ಪಿಕೊಂಡ ರಾಮಕೃಷ್ಣರಿಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ.

ಆಮೇಲೆ ಕೃಷ್ಣ ಜೊತೆಯಲ್ಲಿ ಬೆಳೆದ ಗೋಪಿಯರ ಹತ್ತಿರ ಬಂದು ತಾನೇ ಮೊದಲು ಮಾತಾಡಿದ. ನಮ್ಮ ನೆನಪಿದೆಯೇ? ವೈರಿಗಳ ಕೆಲಸದಲ್ಲಿ ಬಹಳ ಕಾಲ ದೂರ ಉಳಿದೆವು, ಕೃತಘ್ನರು ಅಂತ ಅಂದುಕೊಂಡಿರೇನು? ಹೀಗೆ ಕೇಳಿದ. ಬಿಟ್ಟುಹೋದವನು ಯಾರೋ ಅವನೇ ಮೊದಲು ಬಾಯಿ ಬಿಡಬೇಕು ಎಂಬುದನ್ನು ಭಗವಂತ ನಡೆದು ತೋರಿಸಿದ. ಅವನಿಗೆ ಇದರಿಂದ ದೇವತ್ವ ಕಡಿಮೆಯಾಯಿತೇ? ಮನುಷ್ಯರಾದವರಿಗೆ ಏನು ಕಡಿಮೆಯಾದೀತು?

ವಸುದೇವನ ಮಾತು ಇನ್ನೂ ದೊಡ್ಡದು. ನಂದಗೋಪ ಅವನ ಹಳೆಯ ಮಿತ್ರ. ಕಂಸನ ಕಾಲದಲ್ಲಿ ಅವನ ಮಗುವನ್ನು ತನ್ನ ಮಗುವೆಂದು ಸಾಕಿದವನು. ಆ ಉಪಕಾರಕ್ಕೆ ವಸುದೇವನಿಂದ ಪ್ರತ್ಯುಪಕಾರವಾಗಿರಲಿಲ್ಲ. ಈಗ ನಂದನ ಕೈಹಿಡಿದು ಹೇಳಿದ, ಮೊದಲು ಶಕ್ತಿಯಿರಲಿಲ್ಲ, ಏನೂ ಮಾಡಲಾಗಲಿಲ್ಲ. ಈಗ ಸಂಪತ್ತಿನ ಮದದಲ್ಲಿ ಕಣ್ಣು ಕುರುಡಾಗಿ ಎದುರಿಗಿರುವ ಸಜ್ಜನರೇ ಕಾಣುತ್ತಿಲ್ಲ. ಹೇಳುತ್ತಾ ಅತ್ತುಬಿಟ್ಟ. ದ್ರುಪದನ ಸಭೆಯಲ್ಲಿ ಇಷ್ಟು ಮಾತು ಬಂದಿದ್ದರೆ! ನಂದ ಇವತ್ತು ಹೊರಡುತ್ತೇನೆ, ನಾಳೆ ಹೊರಡುತ್ತೇನೆ ಎನ್ನುತ್ತಾ ಗೆಳೆಯನ ಪ್ರೀತಿಗೆ ಸೋತು ಮೂರು ತಿಂಗಳು ಅಲ್ಲೇ ಉಳಿದನಂತೆ. ಸೂರ್ಯಗ್ರಹಣ ಬಂದರೆ ಕುರುಕ್ಷೇತ್ರದ ಸರೋವರಗಳಲ್ಲಿ ಇಂದಿಗೂ ಲಕ್ಷಾಂತರ ಜನ ಮೀಯುತ್ತಾರೆ. ಹಗೆಯ ಗೆಳೆಯರು ಕಾದು ಸತ್ತದ್ದೂ ಅದೇ ಕುರುಕ್ಷೇತ್ರ, ಅಗಲಿದ ಗೆಳೆಯರು ಅಪ್ಪಿಕೊಂಡದ್ದೂ ಅದೇ ಕುರುಕ್ಷೇತ್ರ. ನೆಲದಲ್ಲಿ ದೋಷವಿಲ್ಲ, ಬಂದವರು ಏನು ಹೊತ್ತು ಬಂದರು ಎಂಬುದರಲ್ಲಿದೆ.

ಭಕ್ತರು ಮಾಡಬೇಕಾದ್ದು

ಈ ಬೆಟ್ಟಕ್ಕೆ ಬರುವವರೆಲ್ಲ ತಮ್ಮ ವಾಹನವನ್ನು ಕೆಳಗೇ ಬಿಟ್ಟು ಸಾರಿಗೆ ಬಸ್ಸು ಹತ್ತಬೇಕು. ಕಾಡಿನ ರಕ್ಷಣೆಗಾಗಿ ಮಾಡಿದ ನಿಯಮ. ದೊಡ್ಡ ಕಾರಿನವನೂ ಬರಿಗಾಲಿನವನೂ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಕಾರನ್ನು ಕೆಳಗೆ ಬಿಟ್ಟಂತೆ ಪದವಿಯನ್ನೂ ಪಂತವನ್ನೂ ಕೆಳಗೇ ಬಿಟ್ಟು ಬಂದರೆ ದರ್ಶನ ಪೂರ್ತಿಯಾಗುತ್ತದೆ. ಇಳಿದ ಮೇಲೆ ಕಾರು ತೆಗೆದುಕೊಳ್ಳಲೇಬೇಕು. ಪಂತವನ್ನು ಮತ್ತೆ ಎತ್ತಿಕೊಳ್ಳಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ತಾನೇ ಹೋಗಬೇಕು, ಇಲ್ಲವೇ ತಾನೇ ಮಾತಾಡಬೇಕು. ಮೂರನೆಯವರ ಬಾಯಲ್ಲಿ ಹೇಳಿಕಳಿಸಿದ ಮಾತು ದಾರಿಯಲ್ಲಿ ಬಣ್ಣ ಬದಲಿಸುತ್ತದೆ. ಎರಡನೆಯದು, ಬರಿಗೈಯಲ್ಲಿ ಹೋಗಬಾರದು, ಬಾಕಿಯ ಪಟ್ಟಿಯನ್ನೂ ಒಯ್ಯಬಾರದು. ಇಲ್ಲಿಯ ಪ್ರಸಾದವನ್ನು ಒಂದು ಕಾಗದದಲ್ಲಿ ಕಟ್ಟಿಕೊಂಡು ಹೋದರೆ ಅದೇ ಅವಲಕ್ಕಿ. ಬೆಟ್ಟಕ್ಕೆ ಹೋಗಿದ್ದೆ, ನಿನ್ನ ನೆನಪಾಯಿತು, ತಗೋ. ಇಷ್ಟು ಹೇಳಿದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಮೂರನೆಯದು, ತಪ್ಪು ತನ್ನದಿದ್ದರೆ ವಸುದೇವನ ಹಾಗೆ ಕೈಹಿಡಿದು ಹೇಳಬೇಕು. ಆಗಿದ್ದು ಆಗಿಹೋಯಿತು ಬಿಡು ಅಂತ ಹೇಳುವ ಹಕ್ಕು ನೋವು ಪಟ್ಟವನದ್ದು, ನೋವು ಕೊಟ್ಟವನದ್ದಲ್ಲ. ನಾಲ್ಕನೆಯದು, ಬಾಗಿಲಿಗೆ ಯಾರಾದರೂ ಬಂದರೆ ಕೂತಲ್ಲೇ ಕೂರಬಾರದು. ಏಳಬೇಕು. ಕೊಡುವುದು ಬಿಡುವುದು ಆಮೇಲಿನ ಮಾತು.

ಇಲ್ಲೊಂದು ಸಂದೇಹ ಬರುತ್ತದೆ. ಮೋಸ ಮಾಡಿದವನನ್ನೂ ಅಪ್ಪಿಕೊಂಡು ಮತ್ತೆ ಸಾಲ ಕೊಡಬೇಕೇ? ಹಾಗಂತ ಶಾಸ್ತ್ರ ಹೇಳುವುದಿಲ್ಲ. ಸ್ನೇಹ ಬೇರೆ, ವ್ಯವಹಾರ ಬೇರೆ. ಹಣದ ಲೆಕ್ಕ ಕಾಗದದಲ್ಲಿ ಇರಲಿ, ನ್ಯಾಯಕ್ಕೆ ಹೋಗಬೇಕಾದರೆ ಹೋಗಲಿ. ಹಗೆಯನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು. ಅವರ ಮನೆಯ ಮಕ್ಕಳ ಜೊತೆ ಆಡಬೇಡ ಎಂಬ ಒಂದು ಮಾತು ಸಾಕು, ಇನ್ನೊಬ್ಬ ಅಶ್ವತ್ಥಾಮ, ಇನ್ನೊಬ್ಬ ಧೃಷ್ಟದ್ಯುಮ್ನ ತಯಾರಾಗಲು.

ಇನ್ನೊಂದು ಸಂದೇಹ. ಹೋದರೂ ಅವನು ಬಾಗಿಲು ತೆಗೆಯದಿದ್ದರೆ? ಆಗ ಎರಡು ದಾರಿ ಇರುತ್ತವೆ. ಸೈನ್ಯ ಕಟ್ಟಬಹುದು, ಇಲ್ಲವೇ ಗೆಳೆಯನಿಗೆ ಒಳ್ಳೆಯದಾಗಲಿ ಅಂತ ಹಾರೈಸಿ ಹಿಂದಿರುಗಬಹುದು. ಹಾರೈಸಿ ಬಂದವನು ಸೋತವನಲ್ಲ. ಅವನ ಕಡೆಯ ಬಾಗಿಲು ತೆರೆದೇ ಇರುತ್ತದೆ, ಎದೆಯ ಭಾರವೂ ಇಳಿದಿರುತ್ತದೆ. ಗೆಳೆಯ ತೀರಿಯೇ ಹೋಗಿದ್ದರೆ ಅವನ ಮನೆಯವರ ಹತ್ತಿರ ಹೋಗಿ, ಅವನ ಮಕ್ಕಳಿಗೆ ಅಪ್ಪನ ಹುಡುಗತನದ ಒಂದು ಒಳ್ಳೆಯ ಕಥೆ ಹೇಳಬೇಕು. ಆ ಕಥೆ ಅವರಿಗೆ ಬೇರೆ ಯಾರೂ ಹೇಳಲಾರರು.

ನಾಳೆ ಮಾಡೋಣ ಎಂಬ ಮಾತೊಂದು ಬೇಡ. ದ್ರೋಣ ದ್ರುಪದರಿಗೆ ಕುರುಕ್ಷೇತ್ರದ 14 ದಿನ ಸಿಕ್ಕಿದ್ದವು, 15ನೇ ದಿನ ಸಿಕ್ಕಲಿಲ್ಲ. ಯಾರ ಲೆಕ್ಕದಲ್ಲಿ ಎಷ್ಟು ದಿನ ಉಳಿದಿವೆ ಎಂಬುದು ಸ್ವಾಮಿಗೆ ಮಾತ್ರ ಗೊತ್ತು.

ಈ ಬೆಟ್ಟದ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತು, ಆದ್ದರಿಂದ ಇಲ್ಲಿ ಕಾಗೆಯೇ ಇಲ್ಲ ಅಂತ ಸ್ಥಳಪುರಾಣ ಹೇಳುತ್ತದೆ. ಒಂದು ಮುಳುಗಿಗೆ ಕಾಗೆ ಹಂಸವಾಗುವುದಾದರೆ, ಒಂದು ಮಾತಿಗೆ ಹಗೆ ಸ್ನೇಹವಾಗುವುದು ಹೆಚ್ಚೇನಲ್ಲ. ಗೋಪಾಲಸ್ವಾಮಿಯ ಪಕ್ಕದಲ್ಲಿ ನಿಂತ ಆ ಗೆಳೆಯನನ್ನು ಒಮ್ಮೆ ಕಣ್ತುಂಬ ನೋಡಿ, ಮಾತು ಬಿಟ್ಟ ತಮ್ಮ ಗೆಳೆಯನ ಹೆಸರನ್ನು ಸ್ವಾಮಿಯ ಮುಂದೆ ಒಂದು ಸಲ ಹೇಳಿ, ಅವನ ಹೆಸರಿನಲ್ಲೂ ಒಂದು ಪ್ರಸಾದ ತೆಗೆದುಕೊಂಡು ಬೆಟ್ಟ ಇಳಿಯತಕ್ಕದ್ದು. ಆ ಪ್ರಸಾದ ಕೆಡುವ ಮೊದಲು ಅವನ ಕೈ ಸೇರಲಿ.

ಸ್ವಾಮಿಯು ಅಗಲಿದವರನ್ನು ಕೂಡಿಸಲಿ, ಕೂಡಿದವರನ್ನು ಕಾಯಲಿ. ಎಲ್ಲರಿಗೂ ಮಂಗಳವಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥